ಹನ್ನೊಂದು ಗಂಟೆಯೊಳಗೆ ಒಬ್ಬ ಬಡವ

ಅಜ್ಜಿ ತನ್ನ ಮನೆಗೆ ಬಣ್ಣ ಬಳಿಸಿದ್ದೇ ಎಲ್ಲಕ್ಕೂ ಮೂಲ. ಬಳಿಸಿದ್ದೂ ಅಂತಿಂಥ ಬಣ್ಣವಲ್ಲ. ಗೋಡೆಗೆ ತಿಳಿನೀಲಿ, ಕಿಟಕಿಗೆ ಬಿಳಿ, ಬಾಗಿಲಿಗೆ ಮುಖ ಕಾಣುವಷ್ಟು ಹೊಳೆಯುವ ಹಸಿರು. ಬೆಳಿಗ್ಗೆ ಎಂಟು ಗಂಟೆಗೆ ಸೈಕಲ್ ನಿಲ್ಲಿಸಿ ಆ ಮನೆಯತ್ತ ತಿರುಗಿದ ಹಂಗಾಮಿ ಹಾಗೇ ಬಾಯಿ ಬಿಟ್ಟುಕೊಂಡು ನಿಂತ.

“ಏನಜ್ಜಿ ಇದು?”

“ಚೆನ್ನಾಗಿ ಬಂದಿದ್ಯಾ?” ಅಜ್ಜಿ ಸೆರಗಿನ ತುದಿಯಿಂದ ಮೆಟ್ಟಿಲ ಮೇಲಿನ ಧೂಳು ಒರೆಸಿದಳು. “ದೊಡ್ಡೋರು ಬರ್ತಾರೆ ಅಂದ್ಯಲ್ಲಪ್ಪ. ಕೊಳಕು ಮನೆಗೆ ಕರೆಯೋಕಾಗುತ್ತಾ? ನನ್ನ ತಂಗಿ ಮಗ ಪೇಂಟರ್. ಎಲ್ಲೆಲ್ಲೋ ಮಿಕ್ಕಿದ್ದ ಬಣ್ಣ ತಂದು ನಿನ್ನೆ ಬಳಿದುಕೊಟ್ಟ. ಸೋರ್ತಿದ್ದ ಮೂಲೇನೂ ಮುಚ್ಚಿದ.”

ಸೋರುವ ಮೂಲೆಯೂ ಹೋಯಿತೆಂದು ಕೇಳಿ ಹಂಗಾಮಿ ತಲೆಯ ಮೇಲೆ ಕೈಹೊತ್ತ. ಏಕೆಂದರೆ ಅಜ್ಜಿ ಬರೀ ಅಜ್ಜಿಯಲ್ಲ, ಅವನು ಕೆಲಸ ಮಾಡುತ್ತಿದ್ದ ಪ್ರತಿಷ್ಠಾನದ ಪಾಲಿಗೆ ಆ ಬೀದಿಯ ಅಧಿಕೃತ ಬಡವಿ. ಐದು ವರ್ಷದಿಂದ ಯಾವ ಅತಿಥಿ ಬಂದರೂ ಅವಳ ಮನೆಗೇ ಕರೆತರುತ್ತಿದ್ದರು. ಎಲ್ಲಿ ಕೂತರೆ ಕಿಟಕಿಯ ಬೆಳಕು ಮುಖದ ಮೇಲೆ ಬೀಳುತ್ತದೆ, ಯಾವ ಪ್ರಶ್ನೆಗೆ ನಿಟ್ಟುಸಿರು ಬಿಡಬೇಕು, ಯಾವ ಪ್ರಶ್ನೆಗೆ ನಗಬೇಕು, ಎಲ್ಲ ಅವಳಿಗೆ ಕರಗತವಾಗಿತ್ತು. ಮೂವತ್ತು ದೇಶಗಳಿಗೆ ಹೋಗುವ ಪ್ರತಿಷ್ಠಾನದ ವಾರ್ಷಿಕ ವರದಿಯ ಮುಖಪುಟದಲ್ಲಿ ಎರಡು ಸಲ ಅವಳ ಫೋಟೋ ಬಂದಿತ್ತು. ಅಂಥವಳು ಈಗ ಹೊಸ ಮನೆಯೊಡತಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಈ ಪ್ರತಿಷ್ಠಾನದ ಬಗ್ಗೆ ಎರಡು ಮಾತು ಹೇಳಬೇಕು. ಅದರ ಶಾಖೆಯ ಬಾಗಿಲಲ್ಲಿ “ಬಡತನ, ರೋಗ, ಅಸಮಾನತೆ: ಮೂರೂ ಇಲ್ಲದ ಜಗತ್ತು” ಎಂದು ದೊಡ್ಡ ಬೋರ್ಡು. ಒಳಗೆ ಮೂರಕ್ಕೂ ಒಂದೊಂದು ಮೇಜು. ಬಡತನ ವಿಭಾಗದವರಿಗೆ ಗಿರಗಿರ ತಿರುಗುವ ಕುರ್ಚಿ, ರೋಗ ವಿಭಾಗದವರಿಗೆ ಕೈಯಿರುವ ಕುರ್ಚಿ, ಅಸಮಾನತೆ ವಿಭಾಗದವರಿಗೆ ಸ್ಟೂಲು. ಮೂರೂ ವಿಭಾಗಗಳಿಗೆ ಮನೆಮನೆ ಸುತ್ತಿ ಸರ್ವೆ ಮಾಡಿಕೊಡುವ ಹಂಗಾಮಿಗೆ ಕಿಟಕಿಯ ಕಟ್ಟೆ. ಒಂಬತ್ತು ವರ್ಷದಿಂದ ಅವನ ನೌಕರಿ ಹಂಗಾಮಿಯಾಗಿಯೇ ಇದ್ದುದರಿಂದ ಅವನ ನಿಜವಾದ ಹೆಸರು ಆಫೀಸಿನಲ್ಲೂ ಬೀದಿಯಲ್ಲೂ ಎಲ್ಲರಿಗೂ ಮರೆತೇಹೋಗಿತ್ತು. ಮಾವನ ಮನೆಗೆ ಹೋದಾಗಲೂ “ಹಂಗಾಮಿ ಬಂದ್ರು, ನೀರು ಕೊಡಿ” ಎನ್ನುತ್ತಿದ್ದರು.

ಅವನನ್ನು ಖಾಯಂ ಮಾಡುವ ಆದೇಶ ಟೈಪಾಗಿ ಮ್ಯಾನೇಜರ್ ಫೈಲಿನಲ್ಲಿ ಕೂತಿತ್ತು. ಸಹಿಯೊಂದೇ ಬಾಕಿ. ಕೇಂದ್ರ ಕಚೇರಿಯಿಂದ ಅಧ್ಯಕ್ಷೆ ಬರುತ್ತಿರುವ ಈ ದಿನ ಎಲ್ಲ ಸರಿಯಾಗಿ ನಡೆದರೆ ಸಂಜೆಯೊಳಗೆ ಅವರಿಂದಲೇ ಸಹಿ ಹಾಕಿಸಿಕೊಡುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು. ಅಧ್ಯಕ್ಷೆ ಪತ್ರದಲ್ಲಿ ಕೇಳಿದ್ದು ತೀರಾ ಸಣ್ಣದು. ಹನ್ನೊಂದು ಗಂಟೆಗೆ ಬರುತ್ತೇನೆ, ಬೀದಿಯ ಅತ್ಯಂತ ಬಡ ಕುಟುಂಬದ ಜೊತೆ ಅರ್ಧ ಗಂಟೆ ಕೂತು ಮಾತಾಡುತ್ತೇನೆ, ಸಿದ್ಧತೆ ಏನೂ ಬೇಡ. ಸಿದ್ಧತೆ ಬೇಡವೆಂದು ಬರೆದಿದ್ದನ್ನು ಓದಿ ಗಾಬರಿಯಾದ ಮ್ಯಾನೇಜರ್ ಹದಿನೈದು ದಿನದಿಂದ ಸಿದ್ಧತೆ ಮಾಡಿಸುತ್ತಿದ್ದರು. ಹಂಗಾಮಿಯಂತೂ ಕೊನೆಯ ಎರಡು ದಿನ ಅದೇ ಬೀದಿಯಲ್ಲಿದ್ದ ತನ್ನ ಮನೆಗೇ ಹೋಗದೆ ಆಫೀಸಿನಲ್ಲಿ ಚಾರ್ಟು ಅಂಟಿಸುತ್ತ ಕೂತಿದ್ದ. ಅಷ್ಟರಲ್ಲೇ ಅಜ್ಜಿ ಕೈಕೊಟ್ಟಿದ್ದಳು.

ಅವನು ಫೋನ್ ಮಾಡಿದ.

“ಬಣ್ಣ ಕೆರೆಸಿ,” ಎಂದರು ಮ್ಯಾನೇಜರ್.

“ಇನ್ನೂ ಹಸಿ ಇದೆ ಸರ್. ಕೆರೆದ್ರೆ ಇನ್ನೊಂದು ಥರ ಚೆಂದ ಕಾಣುತ್ತೆ.”

“ಹಾಗಾದ್ರೆ ಬೇರೆ ಬಡವರನ್ನ ಹುಡುಕ್ರೀ. ಹನ್ನೊಂದು ಗಂಟೆ ಒಳಗೆ ಒಬ್ಬ ಬಡವ ರೆಡಿ ಇರ್ಬೇಕು.”

“ಇದ್ದಕ್ಕಿದ್ದ ಹಾಗೆ ಎಲ್ಲಿಂದ ತರ್ಲಿ ಸರ್?”

“ನಮ್ಮ ವರದಿ ಪ್ರಕಾರ ಆ ಬೀದೀಲಿ ನಲವತ್ತು ಮನೇಲೂ ಬಡವರೇ ಇದಾರೆ.”

“ಅದು ನಾನು ಬರೆದಿದ್ದು ಸರ್. ನೀವು ಹೇಳಿದ್ದಕ್ಕೆ.”

“ಬರೆದೋರಿಗೆ ಹುಡುಕೋದು ಕಷ್ಟ ಆಗ್ಬಾರ್ದಲ್ಲ,” ಎಂದು ಮ್ಯಾನೇಜರ್ ಫೋನಿಟ್ಟರು.

ಹಂಗಾಮಿ ಮೊದಲು ಹೋಗಿದ್ದು ಟೈಲರ್ ಅಂಗಡಿಗೆ. ಅಂಗಡಿಯ ಹಿಂದೆಯೇ ಮನೆ. ಟೈಲರ್ ಬಾಯಲ್ಲಿದ್ದ ಮೂರು ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಅಷ್ಟು ನಿಧಾನವಾಗಿ ತೆಗೆದದ್ದು ಸಿಟ್ಟಿನಿಂದ.

“ನಾನು ಬಡವನಾ? ಬಡ ಟೈಲರ್ ಕೈಗೆ ಯಾರು ರೀ ಬಟ್ಟೆ ಕೊಡ್ತಾರೆ? ಮೂರು ಮೀಟರ್ ಕೊಟ್ರೆ ಅರ್ಧ ಮೀಟರ್ ಮಾರ್ಕೊಂಡ ಅಂತಾರೆ. ನನ್ನ ಮನೇಲಿ ಫ್ರಿಜ್ಜಿದೆ ಸ್ವಾಮಿ. ಎರಡು ಬಾಗಿಲಿಂದು. ಬಂದು ನೋಡಿ.”

ಬಸ್ ಡ್ರೈವರ್ ಮನೆಯಲ್ಲಿ ಡ್ರೈವರನ ಹೆಂಡತಿ ಪಕ್ಕದ ಮನೆಯ ಕಡೆ ಕೈ ತೋರಿಸಿದಳು. ಪಕ್ಕದ ಮನೆಯವರು ಡ್ರೈವರ್ ಮನೆಯ ಕಡೆಯೇ ಕೈ ತೋರಿಸಿದರು. ಡ್ರೈವರ್ ತಾನೇ ಹೊರಗೆ ಬಂದು, ಹೊಟ್ಟೆ ಕರಗಿಸಲು ಕೊಂಡ ವ್ಯಾಯಾಮದ ಸೈಕಲ್ ತೋರಿಸಿ, “ನಿಂತಲ್ಲೇ ತುಳಿಯೋ ಸೈಕಲ್ ಇಟ್ಕೊಂಡೋನು ಬಡವ ಹೇಗಾಗ್ತಾನೆ, ನೀವೇ ಹೇಳಿ” ಎಂದ. ಎಲ್ಲಿಗೂ ಹೋಗದ ಸೈಕಲ್ಲಿಗೆ ಖರ್ಚು ಮಾಡಬಲ್ಲವನು ಬಡವನಲ್ಲವೆಂಬುದನ್ನು ಹಂಗಾಮಿ ಒಪ್ಪಲೇಬೇಕಾಯಿತು. ಒಂಬತ್ತೂವರೆ ಆಗುವಷ್ಟರಲ್ಲಿ ವರದಿಯ ನಲವತ್ತು ಬಡ ಕುಟುಂಬಗಳೂ ಶ್ರೀಮಂತವಾಗಿದ್ದವು. ಪ್ರತಿಷ್ಠಾನಕ್ಕೆ ಒಂಬತ್ತು ವರ್ಷದಲ್ಲಿ ಆಗದ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿದಿತ್ತು.

ಆಗ ತಮ್ಮ ಮನೆಯ ಜಗಲಿಯಿಂದ ಕಾಂಪೌಂಡರ್ ಕೂಗಿದರು. ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷವಾದರೂ ಕೊರಳಿಂದ ಸ್ಟೆತಾಸ್ಕೋಪ್ ಇಳಿಸದ ಮನುಷ್ಯ. ಇಡೀ ಬೀದಿಯ ಎದೆಬಡಿತ ಅವರಿಗೆ ಗೊತ್ತು, ಮನೆಮನೆಯ ಸುದ್ದಿ ಅದಕ್ಕಿಂತ ಚೆನ್ನಾಗಿ ಗೊತ್ತು.

“ಏನು ಹಂಗಾಮಿಯವ್ರೇ, ಬೆಳಿಗ್ಗೆಯಿಂದ ಬೀದಿ ಅಳೀತಿದೀರಿ?”

ಹಂಗಾಮಿ ಎಲ್ಲ ಹೇಳಿಕೊಂಡ. ಹೇಳಬಾರದಿತ್ತು. ಆದರೆ ಎರಡು ದಿನದಿಂದ ಸರಿಯಾಗಿ ನಿದ್ದೆಯಿಲ್ಲದವನಿಗೆ ಯಾರಾದರೂ ಏನಾಯಿತೆಂದು ಕೇಳಿದರೆ ಸಾಕು, ಅಳು ಬರುವ ಹಾಗಿತ್ತು.

“ಏನು ಕೊಡ್ತಾರಂತೆ?” ಕಾಂಪೌಂಡರ್ ಕೇಳಿದರು.

“ಏನೂ ಕೊಡಲ್ಲ. ಅರ್ಧ ಗಂಟೆ ಕೂತ್ಕೊಂಡು ಹೋಗ್ತಾರೆ.”

“ಮೂವತ್ತು ದೇಶ ಸುತ್ತೋರು ಸುಮ್ನೆ ಕೂತು ಹೋಗೋಕೆ ಬರ್ತಾರಾ?” ಕಾಂಪೌಂಡರ್ ಕರುಣೆಯಿಂದ ನಕ್ಕರು. “ನೀವು ತಾತ್ಕಾಲಿಕದೋರು. ಒಳಗಿನ ವಿಷಯ ನಿಮಗೆ ಹೇಳಿರಲ್ಲ.”

ಅವರು ಎದ್ದು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದರು. ಅಲ್ಲಿ ಹೇಳಿದ್ದು, ಬಡವರಿಗೆ ಏನೋ ಕೊಡುತ್ತಾರಂತೆ ಎಂದು. ಸುದ್ದಿ ನಾಲ್ಕನೇ ಮನೆ ತಲುಪುವಾಗ ಹೊಸ ಚಾವಣಿಯಾಗಿತ್ತು. ಹತ್ತನೇ ಮನೆಯಲ್ಲಿ ಹೊಸ ಮನೆಯಾಯಿತು. ಬೀದಿಯ ಕೊನೆಗೆ ಮುಟ್ಟಿದಾಗ ಮಹಡಿ ಮನೆ, ಮನೆಗೊಬ್ಬರಿಗೆ ನೌಕರಿ, ಜೊತೆಗೆ ಸಾಯುವ ತನಕ ಔಷಧಿ.

ಹತ್ತು ನಿಮಿಷದಲ್ಲಿ ಟೈಲರ್ ಓಡಿ ಬಂದ. “ನೋಡಿ, ಆಗ ಗಿರಾಕಿಗಳ ಮುಂದೆ ಹೇಳೋಕಾಗ್ಲಿಲ್ಲ. ನಿಜ ಹೇಳ್ಬೇಕಂದ್ರೆ ನಮ್ಮದು ತುಂಬಾ ಕಷ್ಟದ ಸಂಸಾರ.”

“ನಿಮಗಿಂತ ನಮ್ಮದು ಕಷ್ಟ,” ಎಂದ ಹಿಂದೆಯೇ ಬಂದ ಡ್ರೈವರ್. “ನಾನು ತುಳಿದೂ ತುಳಿದೂ ಇದ್ದಲ್ಲೇ ಇದೀನಿ.”

ಹತ್ತು ಗಂಟೆಗೆ ಹಂಗಾಮಿಯ ಸುತ್ತ ನಲವತ್ತು ಮನೆಯವರೂ ನೆರೆದು ಯಾರು ಹೆಚ್ಚು ಬಡವರೆಂದು ಕಿತ್ತಾಡುತ್ತಿದ್ದರು. ಹೆಚ್ಚು ಬಡವರು ತಾವೆಂದು ಟೈಲರನ ಹೆಂಡತಿ ಹೊಸ ವಾಚು ಕಟ್ಟಿದ ಕೈಯೆತ್ತಿ ಹೇಳುತ್ತಿದ್ದಳು. ಅಜ್ಜಿಯೊಬ್ಬಳೇ ತನ್ನ ನೀಲಿ ಮನೆಯ ಮೆಟ್ಟಿಲ ಮೇಲೆ ಕೂತು, ಐದು ವರ್ಷದ ಅನುಭವಸ್ಥೆಯಾಗಿ ಈ ಹೊಸಬರನ್ನು ನೋಡಿ ತಲೆಯಾಡಿಸುತ್ತಿದ್ದಳು.

“ಬಾಯಲ್ಲಿ ಬಡತನ ಹೇಳಿದ್ರೆ ಸಾಲ್ದು,” ಎಂದರು ಕಾಂಪೌಂಡರ್. “ಮನೇಲಿ ಫ್ರಿಜ್ಜು, ಟೀವಿ, ಸೋಫಾ ಇಟ್ಕೊಂಡು ಬಡವರು ಅಂದ್ರೆ ಯಾರು ನಂಬ್ತಾರೆ? ಎಲ್ಲ ಎಲ್ಲಾದ್ರೂ ಒಂದ್ಕಡೆ ಇಡ್ಬೇಕು.”

ಎಲ್ಲಿಡುವುದು? ಎಲ್ಲರೂ ಯೋಚಿಸಿದರು. ಆಮೇಲೆ ಎಲ್ಲರೂ ಒಟ್ಟಿಗೇ ಹಂಗಾಮಿಯ ಮುಖ ನೋಡಿದರು.

“ನಮ್ಮನೇಲಾ?” ಹಂಗಾಮಿ ಎರಡು ಹೆಜ್ಜೆ ಹಿಂದೆ ಸರಿದ.

“ನಿಮ್ಮನೆಗೆ ಯಾರೂ ಬರಲ್ಲ ರೀ,” ಕಾಂಪೌಂಡರ್ ಅವನ ಭುಜದ ಮೇಲೆ ಕೈಹಾಕಿದರು. “ನೀವು ಪ್ರತಿಷ್ಠಾನದೋರು. ಕೊಡೋ ಪೈಕಿ, ತಗೊಳ್ಳೋ ಪೈಕಿ ಅಲ್ಲ. ಒಬ್ಬ ಬಡವನ್ನ ತೋರ್ಸಿ ಅಂದ್ರೆ ನೀವು ಇಡೀ ಬೀದಿ ತೋರಿಸ್ತೀರಿ. ಆದೇಶಕ್ಕೆ ಸಹಿ ಬೀಳದೇ ಇರುತ್ತಾ?”

ಸಹಿ ಎಂದ ಕೂಡಲೇ ಹಂಗಾಮಿ ಕರಗಿಹೋದ. ಅವನು ಹೂಂ ಎನ್ನುವ ಮುಂಚೆಯೇ ಟೈಲರನ ಎರಡು ಬಾಗಿಲ ಫ್ರಿಜ್ಜು ಬೀದಿಗೆ ಇಳಿದಿತ್ತು.

ಹಂಗಾಮಿಯ ಮನೆಯೆಂದರೆ ಎರಡು ಕೋಣೆ. ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟೌವು. ಹತ್ತೂ ಮುಕ್ಕಾಲಿನ ಹೊತ್ತಿಗೆ ಅಲ್ಲಿ ನಾಲ್ಕು ಫ್ರಿಜ್ಜು, ಏಳು ಟೀವಿ, ಐದು ಸೋಫಾ, ಎರಡು ವಾಷಿಂಗ್ ಮಷೀನು, ಹನ್ನೆರಡು ಫ್ಯಾನು ಮತ್ತು ಒಂದು ವ್ಯಾಯಾಮದ ಸೈಕಲ್ಲು ಒತ್ತೊತ್ತಾಗಿ ನಿಂತಿದ್ದವು. ಬಾಗಿಲಿಂದ ಅಡುಗೆಮನೆಗೆ ಹೋಗಬೇಕಾದರೆ ಮೂರು ಸೋಫಾ ಹತ್ತಿ ಇಳಿಯಬೇಕಿತ್ತು. ಕಾಂಪೌಂಡರ್ ಅಂತೂ ಯಾವುದರಲ್ಲೂ ಅರೆಮನಸ್ಸಿನವರಲ್ಲ. ತಮ್ಮ ಮನೆಯ ಚಮಚ, ಲೋಟ, ಕಿಟಕಿಯ ಪರದೆ, ಗೋಡೆಯ ಮೊಳೆಗಳನ್ನೂ ಕಿತ್ತು ಒಂದು ಬಕೆಟ್ಟಿನಲ್ಲಿ ತಂದಿಟ್ಟರು.

ಟೈಲರನ ಹೆಂಡತಿಗೆ ಫ್ರಿಜ್ಜಿನೊಳಗಿನ ಹಾಲಿನ ಚಿಂತೆ. “ಪ್ಲಗ್ ಹಾಕಿಡಮ್ಮ, ಕೆಟ್ಟುಹೋಗುತ್ತೆ,” ಎಂದು ಹಂಗಾಮಿಯ ಹೆಂಡತಿಗೆ ಹೇಳಿದಳು. ಒಬ್ಬರದ್ದು ಹಾಕಿದ ಮೇಲೆ ಇನ್ನೊಬ್ಬರದ್ದು ಬಿಡುವುದು ಹೇಗೆ? ನಾಲ್ಕಕ್ಕೂ ಹಾಕಬೇಕಾಯಿತು.

ಹಂಗಾಮಿಯ ಹೆಂಡತಿ ಮೊದಲು ಬೈದಳು. “ಎರಡು ದಿನ ಮನೆ ಕಡೆ ತಲೆ ಹಾಕ್ಲಿಲ್ಲ. ಈಗ ಬೀದೀನೇ ತಂದು ತುಂಬಿಸ್ತಿದೀರಿ.” ಆದರೆ ಮೆತ್ತನೆಯ ಸೋಫಾ ಒಂದರ ಮೇಲೆ ಕೂತು ನೋಡಿದ ಮೇಲೆ ಸಿಟ್ಟು ಇಳಿಯಿತು. ಫ್ರಿಜ್ಜಿನ ಬಾಗಿಲು ತೆರೆದಳು, ತಂಪು ಗಾಳಿಗೆ ಮುಖ ಒಡ್ಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಖಾಯಂ ಆದ ಮೇಲೆ ಒಂದು ಸಣ್ಣ ಫ್ರಿಜ್ಜು ತರೋಣ ಎಂದು ಗಂಡ ಒಂಬತ್ತು ವರ್ಷದಿಂದ ಹೇಳುತ್ತಲೇ ಇದ್ದ. ಹಂಗಾಮಿ ಅವಳ ಮುಖದಿಂದ ಕಣ್ಣು ತಿರುಗಿಸಿದ. ಸಂಜೆಯ ಸಹಿಯೊಂದು ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಹೊರಗಿನಿಂದ ಬಾಗಿಲೆಳೆದುಕೊಂಡ.

ಬೀದಿಯಲ್ಲಿ ಕಾಂಪೌಂಡರ್ ಕೊನೆಯ ಪಾಠ ಹೇಳಿಕೊಡುತ್ತಿದ್ದರು. “ಒಣಕೆಮ್ಮು ಸಾಕು. ಕಫದ ಕೆಮ್ಮು ಕೆಮ್ಮಿದ್ರೆ ಸೂಜಿ ಚುಚ್ತಾರೆ. ಒಬ್ಬರು ಕೆಮ್ಮುವಾಗ ಇನ್ನೊಬ್ಬರು ಸುಮ್ನಿರಿ. ಎಲ್ಲ ಒಟ್ಟಿಗೇ ಕೆಮ್ಮಿದ್ರೆ ಅವರು ಕಾರು ಹತ್ತಿ ಹೊರಟುಬಿಡ್ತಾರೆ.”

ಹನ್ನೊಂದಕ್ಕೆ ಸರಿಯಾಗಿ ಕಾರು ಬಂತು. ಅಧ್ಯಕ್ಷೆ ಸಣ್ಣ ಆಳು. ನರೆತ ಕೂದಲು, ಸಾದಾ ಬಟ್ಟೆ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು, ಮೆಲುಮಾತು. ಅವರ ಹಿಂದೆ ಮ್ಯಾನೇಜರ್ ಎದೆಗೆ ಫೈಲ್ ಅವಚಿಕೊಂಡು ಓಡಿಬಂದರು.

ಮೊದಲ ಮನೆ ಖಾಲಿ. ಎರಡನೆಯದು ಖಾಲಿ. ಮೂರನೆಯದರಲ್ಲಿ ಡ್ರೈವರ್ ಬರಿ ನೆಲದ ಮೇಲೆ ಹೊಟ್ಟೆ ಒಳಗೆಳೆದುಕೊಂಡು ಕೂತು ಪಾಠದ ಪ್ರಕಾರ ಎರಡು ಸಲ ಕೆಮ್ಮಿದ. ಹೊರಗೆ ಬಂದ ಮ್ಯಾನೇಜರ್ ಹಂಗಾಮಿಯ ಕಿವಿಯಲ್ಲಿ, “ಒಬ್ಬರು ಕೇಳಿದ್ರೆ ನಲವತ್ತು ಕೊಟ್ಟಿದೀರಲ್ರೀ, ಭೇಷ್” ಎಂದರು. ಒಂಬತ್ತು ವರ್ಷದಲ್ಲಿ ಭೇಷ್ ಎಂಬ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವನಿಗೆ ನಿಂತಲ್ಲೇ ಕುಣಿಯಬೇಕೆನಿಸಿತು.

ಕಾಂಪೌಂಡರ್ ಮನೆಯಲ್ಲಿ ಅಧ್ಯಕ್ಷೆ ತುಂಬಾ ಹೊತ್ತು ನಿಂತರು. ಗೋಡೆಯ ಮೇಲೆ ಟೀವಿ ಇದ್ದ ಜಾಗದಲ್ಲಿ ಸುತ್ತಲಿಗಿಂತ ಬೆಳ್ಳಗಿನ ಒಂದು ಚೌಕ.

“ಇಲ್ಲೇನಿತ್ತು?”

“ಕ್ಯಾಲೆಂಡರ್ ಇತ್ತು ಮೇಡಂ,” ಎಂದರು ಕಾಂಪೌಂಡರ್. “ಮಾರ್ಕೊಂಡ್ವಿ.”

“ಮೊಳೆ?”

“ಅದನ್ನೂ.”

ಅಧ್ಯಕ್ಷೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆಯುವಾಗ ಅವರ ಕಣ್ಣು ಒದ್ದೆಯಾಗಿತ್ತು. ಹೊರಗೆ ಬಂದು ಮ್ಯಾನೇಜರ್ ಕಡೆ ತಿರುಗಿದರು. ದನಿ ಮೆಲುವಾಗಿಯೇ ಇತ್ತು.

“ಒಂಬತ್ತು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದೀವಿ. ವರ್ಷ ವರ್ಷ ನೆರವು ಮನೆಮನೆಗೂ ತಲುಪ್ತಿದೆ ಅಂತ ನೀವು ವರದಿ ಕಳಿಸ್ತಿದೀರಿ. ಇಲ್ಲಿ ನೋಡಿದ್ರೆ ಜನರ ಹತ್ರ ಒಂದು ಚಮಚಾನೂ ಇಲ್ಲ. ಮೊಳೆ ಮಾರ್ಕೊಳ್ಳೋ ಸ್ಥಿತೀನ ನಾನು ಮೂವತ್ತು ದೇಶದಲ್ಲಿ ಎಲ್ಲೂ ನೋಡಿಲ್ಲ. ನಮ್ಮ ನೆರವೆಲ್ಲ ಎಲ್ಲಿ ಹೋಯ್ತು?”

ಮ್ಯಾನೇಜರ್ ಫೈಲಿನಲ್ಲಿ ಉತ್ತರ ಹುಡುಕತೊಡಗಿದರು. ಹಂಗಾಮಿಯ ಕುಣಿಯುವ ಆಸೆಯೂ ಅಲ್ಲಿಗೇ ನಿಂತಿತು. ಒಬ್ಬ ಬಡವನನ್ನು ತೋರಿಸಿದ್ದರೆ ಶಾಖೆಗೆ ಕೆಲಸವಿದೆ ಎಂದಾಗುತ್ತಿತ್ತು. ನಲವತ್ತು ತೋರಿಸಿದ್ದರಿಂದ ಶಾಖೆ ಕೆಲಸವನ್ನೇ ಮಾಡಿಲ್ಲ ಎಂದಾಗಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಗುಂಯ್ ಎಂಬ ಸದ್ದು ಕೇಳಿಸಿತು.

“ಅದೇನು, ಕಾರ್ಖಾನೆನಾ?” ಅಧ್ಯಕ್ಷೆ ಕಿವಿಗೊಟ್ಟರು. ನಾಲ್ಕು ಫ್ರಿಜ್ಜು ಒಂದೇ ಶ್ರುತಿಯಲ್ಲಿ ಹಾಡುತ್ತಿದ್ದವು. ಹಂಗಾಮಿಯ ಮನೆಯ ಕಿಟಕಿಯ ಗಾಜು ತಾಳ ಹಾಕುತ್ತಿತ್ತು.

“ಗಾಳಿ ಮೇಡಂ,” ಎಂದ ಹಂಗಾಮಿ. ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ.

“ಎಲ್ಲ ಬಾಗಿಲೂ ತೆಗೆದಿದೆ, ಅದೊಂದೇ ಮುಚ್ಚಿದೆ. ಯಾರ ಮನೆ?”

“ಅದು ನಮ್ಮ ಸಿಬ್ಬಂದಿ ಮನೆ ಮೇಡಂ,” ಎಂದರು ಮ್ಯಾನೇಜರ್, ಒಳಗೇನಿದೆ ಎಂಬುದರ ಕಲ್ಪನೆಯೇ ಇಲ್ಲದೆ. “ಅಲ್ಲೇನೂ ನೋಡೋ ಅಂಥದ್ದಿಲ್ಲ.”

“ನಾನು ಎಲ್ಲೇ ಹೋದ್ರೂ ಮುಚ್ಚಿದ ಬಾಗಿಲೇ ತಟ್ಟೋದು. ತೆಗೆದಿಟ್ಟ ಬಾಗಿಲಲ್ಲಿ ತೋರಿಸ್ಬೇಕಾಗಿದ್ದು ಮಾತ್ರ ಕಾಣುತ್ತೆ,” ಎಂದು ಅಧ್ಯಕ್ಷೆ ಸರಸರ ನಡೆದೇಬಿಟ್ಟರು.

ಬಾಗಿಲು ತೆರೆಯಿತು. ಹಂಗಾಮಿಯ ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕೂತು, ಮೂರು ಟೀವಿಗಳಲ್ಲಿ ಮೂರು ಬೇರೆ ಬೇರೆ ಕಾರ್ಯಕ್ರಮ ನೋಡುತ್ತಿದ್ದಳು. ಸುತ್ತ ಹನ್ನೆರಡರಲ್ಲಿ ಐದು ಫ್ಯಾನು ತಿರುಗುತ್ತಿದ್ದವು. ಅತಿಥಿ ಯಾರೆಂದು ಅವಳಿಗೆ ಕೂಡಲೇ ತಿಳಿಯಿತು. ಗಾಬರಿಯಾದಾಗ ಉಪಚಾರ ಮಾಡುವುದು ಅವಳ ಸ್ವಭಾವ. “ಬನ್ನಿ ಮೇಡಂ” ಎಂದು ಕೈಹಿಡಿದು ಎರಡು ಸೋಫಾ ದಾಟಿಸಿ ಮೂರನೆಯದರ ಮೇಲೆ ಕೂರಿಸಿದಳು. ಟೈಲರನ ಫ್ರಿಜ್ಜಿನಿಂದ ಹಣ್ಣಿನ ರಸ ತೆಗೆದಳು, ಕಾಂಪೌಂಡರ ಬಕೆಟ್ಟಿನಿಂದ ಲೋಟ ತೆಗೆದಳು, ತುಂಬಿಸಿ ಕೊಟ್ಟಳು. ಕಿಟಕಿಯ ಹೊರಗೆ ಟೈಲರನ ಹೆಂಡತಿ ತನ್ನ ರಸದ ಬಾಟಲಿ ಖಾಲಿಯಾಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅಧ್ಯಕ್ಷೆ ಲೋಟ ಕೈಯಲ್ಲೇ ಹಿಡಿದು ಒಂದೊಂದನ್ನೂ ಎಣಿಸಿದರು. ಅವರ ಮುಖ ಗಂಭೀರವಾಯಿತು.

“ಅಸಮಾನತೆ ಬಗ್ಗೆ ಇಪ್ಪತ್ತು ವರ್ಷ ಭಾಷಣ ಮಾಡಿದೀನಿ. ಕಣ್ಣಾರೆ ನೋಡಿದ್ದು ಇವತ್ತೇ. ಇದೆಲ್ಲ ಯಾರದ್ದು?”

ಬೀದಿಯವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ಇಣುಕುತ್ತಿದ್ದರು. ಟೈಲರ್ ತನ್ನ ಫ್ರಿಜ್ಜನ್ನು ಗುರುತು ಪರಿಚಯವಿಲ್ಲದವನ ಹಾಗೆ ನೋಡಿದ. ಡ್ರೈವರ್ ತನ್ನ ಸೈಕಲ್ಲಿಗೆ ಬೆನ್ನು ಹಾಕಿದ. ತನ್ನದು ಎಂದವನ ಮಹಡಿ ಮನೆ ಆ ಕ್ಷಣವೇ ಕುಸಿಯುತ್ತಿತ್ತು.

ಹಂಗಾಮಿಯ ಹೆಂಡತಿ ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ಇದೇ ಕಿಟಕಿಯಲ್ಲಿ ನಿಂತು “ಇನ್ನೂ ಖಾಯಂ ಆಗಿಲ್ವಾ?” ಎಂದು ಒಂಬತ್ತು ವರ್ಷ ಕೇಳಿದ ಮುಖಗಳು ಅವು.

“ನಮ್ಮನೇಲಿದೆ ಅಂದ್ಮೇಲೆ ನಮ್ಮದೇ ಅಲ್ವಾ ಮೇಡಂ,” ಎಂದಳು.

“ಮೇಡಂ, ಅದು ಹಾಗಲ್ಲ,” ಎಂದು ಹಂಗಾಮಿ ಬಾಯಿ ತೆಗೆದ.

“ಹಾಗಾದ್ರೆ ಹೇಗೆ?” ಅಧ್ಯಕ್ಷೆ ಅವನನ್ನು ನೆಟ್ಟ ನೋಟದಲ್ಲಿ ನೋಡಿದರು. “ಬೀದಿಯೆಲ್ಲ ಬರಿದಾಗಿದೆ. ನಮ್ಮ ಸಿಬ್ಬಂದಿ ಮನೆ ಮಾತ್ರ ತುಂಬಿದೆ. ಇದು ಜನಕ್ಕೆ ಅಂತ ನಾವು ಕೊಟ್ಟ ನೆರವಿಂದ ಬಂದಿದ್ದಾ?”

ಹಂಗಾಮಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಿಜ ಹೇಳಿದರೆ ನಲವತ್ತು ಮನೆಯ ನಾಟಕ ಬಯಲಾಗುತ್ತದೆ, ಆಡಿಸಿದವನು ತಾನು. ಹೇಳದಿದ್ದರೆ ತಾನು ಕಳ್ಳ. ಹೇಗೆ ನೋಡಿದರೂ ಆದೇಶ ಹರಿದುಹೋಗುವುದೇ ಕಾಣುತ್ತಿತ್ತು. ಕಳ್ಳತನವೆಂದಾದರೆ ತಮ್ಮ ಕುತ್ತಿಗೆಗೂ ಬರುತ್ತದೆಂದು ಮ್ಯಾನೇಜರಿಗೆ ಅಷ್ಟರಲ್ಲಿ ಹೊಳೆದಿತ್ತು. ಅವರು ಹಂಗಾಮಿಯ ಕಾಲ್ಬೆರಳನ್ನು ತಮ್ಮ ಬೂಟಿನಿಂದ ಬಲವಾಗಿ ಒತ್ತಿ ಮುಂದೆ ಬಂದರು.

“ಛೇ ಛೇ, ಎಲ್ಲಾದ್ರೂ ಉಂಟಾ ಮೇಡಂ. ಇವರ ಮಾವ ಭಾರೀ ಕುಳ. ಒಬ್ಬಳೇ ಮಗಳು. ವರ್ಷಕ್ಕೊಂದು ಫ್ರಿಜ್ಜು ಕಳಿಸ್ತಾರೆ, ಬೇಡ ಅಂದ್ರೂ ಕೇಳಲ್ಲ. ಇವ್ರು ಮನಸ್ಸು ಮಾಡಿದ್ರೆ ಕೂತು ಉಣ್ಣಬಹುದು. ಆದ್ರೂ ಬಿಸಿಲಲ್ಲಿ ಸೈಕಲ್ ತುಳ್ಕೊಂಡು ಬಡವರ ಮನೆ ಸುತ್ತುತಾರೆ. ಒಂಬತ್ತು ವರ್ಷದಿಂದ ಹಂಗಾಮಿಯಾಗಿ ಕಿಟಕಿ ಕಟ್ಟೆ ಮೇಲೆ ಕೂತು ದುಡೀತಿದಾರೆ, ಖಾಯಂ ಆದೇಶಕ್ಕೆ ನಿಮ್ಮ ಸಹಿಯೊಂದೇ ಬಾಕಿ. ಸೇವೆ ಮೇಡಂ. ಹುಟ್ಟುಗುಣ.”

ಬೂಟು ಇನ್ನೂ ಬೆರಳ ಮೇಲೇ ಇತ್ತು. ಹಂಗಾಮಿಯ ಕಣ್ಣಲ್ಲಿ ನೀರು ಬಂತು. ಅದನ್ನು ಅಧ್ಯಕ್ಷೆ ನೋಡಿದರು.

“ಒಂಬತ್ತು ವರ್ಷ,” ಎಂದರು ಮೆತ್ತಗೆ. “ಅದೂ ಹಂಗಾಮಿಯಾಗಿ. ಇಷ್ಟೆಲ್ಲ ಇದ್ದೂ ಕಿಟಕಿ ಕಟ್ಟೆ ಮೇಲೆ ಕೂತು ಕೆಲಸ ಮಾಡಿದೀರಿ. ನಾನು ತಪ್ಪು ತಿಳ್ಕೊಂಡೆ, ಕ್ಷಮಿಸಿ. ಆ ಆದೇಶ ಎಲ್ಲಿ?”

ಮ್ಯಾನೇಜರ್ ಮಿಂಚಿನಂತೆ ಫೈಲ್ ಬಿಚ್ಚಿದರು. ಹಂಗಾಮಿಯ ಹೆಂಡತಿ ಎದ್ದು ನಿಂತಳು. ಅಧ್ಯಕ್ಷೆ ಪೆನ್ನು ತೆಗೆದು, ಆದೇಶದ ಮಧ್ಯೆ ಒಂದು ಸಾಲು ಹೊಡೆದುಹಾಕಿ, ಮೇಲೆ ಎರಡು ಪದ ಬರೆದು ಸಹಿ ಮಾಡಿದರು. ಬೀದಿಯವರು ಚಪ್ಪಾಳೆ ತಟ್ಟಿದರು. ಒಂಬತ್ತು ವರ್ಷ ಕಾದ ಕಾಗದ ಕೈಗೆ ಬಂದಾಗ ಹಂಗಾಮಿಗೆ ಅಕ್ಷರ ಕಾಣಲಿಲ್ಲ. ಕಣ್ಣೊರೆಸಿಕೊಂಡು ಓದಿದ. ಖಾಯಂ ಸರ್ವೆ ಸಹಾಯಕ ಎಂದಿದ್ದ ಕಡೆ “ಖಾಯಂ ಗೌರವ ಸೇವಕ” ಎಂದಾಗಿತ್ತು. ಹೊಡೆದುಹಾಕಿದ್ದು ಸಂಬಳದ ಸಾಲು.

“ನಿಮ್ಮಂಥೋರಿಗೆ ಸಂಬಳ ಕೊಡೋದು ಅವಮಾನ ಮಾಡಿದ ಹಾಗೆ,” ಅಧ್ಯಕ್ಷೆ ಅವನ ಎರಡೂ ಕೈ ಹಿಡಿದುಕೊಂಡರು. “ಆ ಸಂಬಳ ಈ ಬೀದೀಲಿ ಒಬ್ಬರ ಹೊಟ್ಟೆ ತುಂಬಿಸ್ಲಿ. ಸರ್ವೆ ಕೆಲಸ ಅತಿ ಬಡವರಾದ ಆ ಕಾಂಪೌಂಡರಿಗೆ ಕೊಡ್ತೀನಿ. ಅವರಿಗೆ ಹಂಗಾಮಿ ಗಿಂಗಾಮಿ ಬೇಡ, ಇವತ್ತಿಂದಲೇ ಖಾಯಂ. ನೀವೇ ಅವರಿಗೆ ಕೆಲಸ ಕಲಿಸಿಕೊಡಿ. ನಿಮಗೆ ಸಂತೋಷ ಅಲ್ವಾ?”

ಬೂಟು ಮತ್ತೊಮ್ಮೆ ಒತ್ತಿತು. “ತುಂಬಾ ಸಂತೋಷ ಮೇಡಂ,” ಎಂದ ಹಂಗಾಮಿ.

ಹೆಂಡತಿ ಸೋಫಾದ ಮೇಲೆ ಕುಸಿದು ಕೂತಳು. ಕಾರು ಹೋಯಿತು. ಮಧ್ಯಾಹ್ನವೆಲ್ಲ ಗಂಡ ಹೆಂಡತಿ ಐದು ಫ್ಯಾನುಗಳ ನಡುವೆ ಬೆವರುತ್ತ ಕೂತಿದ್ದರು.

ನಾಲ್ಕು ಗಂಟೆಗೆ ಬೀದಿಯವರೆಲ್ಲ ತಳ್ಳುಗಾಡಿ ಸಮೇತ ಬಂದರು. ಎಲ್ಲರಿಗಿಂತ ಮುಂದೆ ಕಾಂಪೌಂಡರ್. ಕೊರಳಲ್ಲಿ ಸ್ಟೆತಾಸ್ಕೋಪಿನ ಜಾಗದಲ್ಲಿ ಪ್ರತಿಷ್ಠಾನದ ಗುರುತಿನ ಚೀಟಿ, ಕೈಯಲ್ಲಿ ಸರ್ವೆ ಫಾರಂ. ಬಂದವರೇ ಮನೆಯಲ್ಲಿದ್ದ ಒಂದೇ ಹಳೆಯ ಕುರ್ಚಿಯಲ್ಲಿ ಕೂತರು.

“ಸಾಮಾನು ಆಮೇಲೆ, ಮೊದಲು ಸರ್ವೆ. ಮೇಡಂ ಇವತ್ತೇ ಶುರು ಮಾಡಿ ಅಂದಿದಾರೆ. ನಿಮ್ಮನೆಯಿಂದಲೇ ಶುರು. ಫ್ರಿಜ್ಜು ನಾಲ್ಕು.” ಬರೆದರು. “ಹಾಂ, ಇನ್ನು ತಗೊಂಡು ಹೋಗಿ.”

ಟೈಲರನ ಕಡೆಯವರು ಫ್ರಿಜ್ಜು ಎತ್ತಿದರು.

“ಅದರಲ್ಲಿ ಒಂದು ನಿಮ್ಮದೇ ಅಲ್ವಾ?” ಹಂಗಾಮಿ ಕಾಂಪೌಂಡರನ್ನು ಕೇಳಿದ.

“ನನ್ನದೇ. ಆದ್ರೆ ಸರ್ವೆ ಹೊತ್ತಿಗೆ ಮನೇಲಿ ಏನಿರುತ್ತೋ ಅದನ್ನೇ ಬರೀಬೇಕು ಅಂತ ಫಾರಂ ಹಿಂದೆ ಸೂಚನೆ ಇದೆ. ನೋಡಿ, ನೀವೇ ಗೆರೆ ಎಳೆದಿದೀರಿ. ಟೀವಿ ಏಳು. ತಗೊಂಡು ಹೋಗಿ. ಸೋಫಾ ಐದು.”

ಬರೆದದ್ದು ಬರೆದ ಹಾಗೆ ಹೊರಗೆ ಹೋಯಿತು. ಹಂಗಾಮಿಯ ಹೆಂಡತಿ ಕೂತಿದ್ದ ಸೋಫಾವನ್ನೂ ಕೊನೆಗೆ ಕೇಳಿ ಎಬ್ಬಿಸಿ ಒಯ್ದರು. ಮನೆ ಮೊದಲಿನ ಹಾಗಾಯಿತು, ಫಾರಮ್ಮು ಪುಟ ತುಂಬಿತು.

“ಮುಂದಿನ ಸರ್ವೇಲಿ ಸರಿಮಾಡಿ ಬರೀತೀರಿ ತಾನೇ?” ಹೆಂಡತಿ ಕೇಳಿದಳು.

“ಖಂಡಿತ ತಂಗಿ. ಐದು ವರ್ಷಕ್ಕೆ ಇನ್ನೊಂದು ಸರ್ವೆ ಬರುತ್ತೆ,” ಎಂದರು ಕಾಂಪೌಂಡರ್. “ಕೊನೇ ಕಾಲಂ. ತಿಂಗಳ ಆದಾಯ?”

“ಇವತ್ತಿಂದ ಏನೂ ಇಲ್ಲ,” ಎಂದ ಹಂಗಾಮಿ.

ಕಾಂಪೌಂಡರ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. “ಏನೂ ಇಲ್ಲ ಅಂತ ಬರೆದ್ರೆ ನಾಲ್ಕು ಫ್ರಿಜ್ಜು ಹೇಗೆ ಬಂತು ಅಂತ ಮೇಲಿನೋರು ಕೇಳ್ತಾರೆ. ಆಮೇಲೆ ನಿಮಗೇ ತೊಂದರೆ.” ದುಂಡಗಿನ ಅಕ್ಷರದಲ್ಲಿ, ತಿಂಗಳ ಆದಾಯದ ಎದುರಿಗೆ “ಅಗತ್ಯವಿಲ್ಲ” ಎಂದು ಬರೆದು, ಸಹಿ ಹಾಕಲು ಫಾರಂ ಹಂಗಾಮಿಯ ಕಡೆ ತಿರುಗಿಸಿದರು.